ಸಂಭವನೀಯತೆಗೂ ಅವಿಭಾಜ್ಯ ಅಪವರ್ತನಗಳಿವೆಯೇ?

ಪ್ರಶ್ನೆ: 60 ಅನ್ನು 2×2×3×5 ಎಂದು ಒಂದೇ ಬಗೆಯಲ್ಲಿ ಒಡೆಯಬಹುದು. ಸಂಭವನೀಯತಾ ವಿತರಣೆಗಳನ್ನೂ (ಯಾವ ಫಲಕ್ಕೆ ಎಷ್ಟು ಸಾಧ್ಯತೆ ಎಂಬ ಪಟ್ಟಿಗಳನ್ನೂ) ಹೀಗೆ ಒಡೆಯಲು ಬರುತ್ತದೆಯೇ? ಬಂದರೆ ಉತ್ತರ ಒಂದೇ ಆಗಿರುತ್ತದೆಯೇ?
– ಉಡುಪಿಯ ಬಿ.ಎಸ್ಸಿ. ವಿದ್ಯಾರ್ಥಿನಿ

ಒಡೆಯಲು ಬರುತ್ತದೆ. ಆದರೆ ‘ಒಂದೇ ಬಗೆಯಲ್ಲಿ’ ಎಂಬ ಮಾತು ಉಳಿಯುವುದಿಲ್ಲ. ಮಂಗಳೂರಿನ ನನ್ನ ತರಗತಿಯಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಇದನ್ನು ಕೇಳುತ್ತಾರೆ, ಕೇಳಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಮೊದಲು, ಇಲ್ಲಿ ಗುಣಾಕಾರ ಎಂದರೇನು? ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಕಸ್ಮಿಕ ಸಂಖ್ಯೆಗಳನ್ನು ಕೂಡಿದಾಗ ಮೊತ್ತಕ್ಕೆ ಸಿಗುವ ವಿತರಣೆಯೇ ಆ ಎರಡರ ಗುಣಲಬ್ಧ. ಗಣಿತಜ್ಞರು ಇದನ್ನು ಕನ್ವಲ್ಯೂಷನ್ ಎನ್ನುತ್ತಾರೆ. ನಾಲ್ಕು ಕವಡೆ ಎಸೆಯಿರಿ. ಪ್ರತಿ ಕವಡೆಯೂ ಮಗುಚಿಯೋ ಅಂಗಾತವೋ ಬೀಳುವ ಸಾಧ್ಯತೆ ಸಮ ಎಂದಿಟ್ಟುಕೊಳ್ಳೋಣ. ಅಂಗಾತ ಬಿದ್ದವು 0, 1, 2, 3, 4 ಆಗುವ ದಾರಿಗಳು ಕ್ರಮವಾಗಿ 1, 4, 6, 4, 1. ಇವು (1+ಕ್ಷ)⁴ ಬಿಡಿಸಿದಾಗ ಸಿಗುವ ಸಹಗುಣಕಗಳೇ. ಒಂದೊಂದು ಕವಡೆಗೂ ಒಂದೊಂದು (1+ಕ್ಷ). ಕೂಡುವ ಕೆಲಸ ಬಹುಪದೋಕ್ತಿಗಳ ಗುಣಾಕಾರವಾಯಿತು, ಹಿಂದಕ್ಕೆ ಹೋಗುವ ಕೆಲಸ ಹೈಸ್ಕೂಲಿನ ಅಪವರ್ತನವಾಯಿತು. ಕವಡೆಗಳ ಮಟ್ಟಿಗೆ ಉತ್ತರ ಒಂದೇ.

ಈಗ 0ಯಿಂದ 5ರ ವರೆಗೆ ಆರು ಅಂಕಿಗಳು ಸಮಾನ ಸಾಧ್ಯತೆಯಿಂದ ಬೀಳುವ ದಾಳವನ್ನು ತೆಗೆದುಕೊಳ್ಳಿ. ಒಂದು ಚೀಟಿಯಲ್ಲಿ 0 ಅಥವಾ 1, ಇನ್ನೊಂದರಲ್ಲಿ 0, 2 ಅಥವಾ 4 ಸಮಾನ ಸಾಧ್ಯತೆಯಿಂದ ಬರಲಿ. ಕೂಡಿದರೆ ಆರೂ ಅಂಕಿಗಳು ತಲಾ ಒಂದು ಸಲ ಸಿಗುತ್ತವೆ. ಒಂದರಲ್ಲಿ 0, 1 ಅಥವಾ 2, ಇನ್ನೊಂದರಲ್ಲಿ 0 ಅಥವಾ 3 ಬಂದರೂ ಅದೇ ಫಲ. ಈ ನಾಲ್ಕು ಚೀಟಿಗಳಲ್ಲಿ ಯಾವುದನ್ನೂ ಇನ್ನು ಒಡೆಯಲು ಸಾಧ್ಯವಿಲ್ಲ. (ಎಲ್ಲ ಅಂಕಿಗಳನ್ನು ಒಂದೇ ಅಳತೆಗೆ ಅತ್ತಿತ್ತ ಸರಿಸುವುದು 1ರಿಂದ ಗುಣಿಸಿದಂತೆ, ಅದು ಲೆಕ್ಕಕ್ಕಿಲ್ಲ.)

ಹೀಗೇಕೆ? ಕಾಗದದ ಮೇಲೆ ಒಡೆದು ನೋಡಿ: 1+ಕ್ಷ+…+ಕ್ಷ⁵ = (1+ಕ್ಷ)(1+ಕ್ಷ+ಕ್ಷ²)(1−ಕ್ಷ+ಕ್ಷ²). ಬೀಜಗಣಿತಕ್ಕೆ ಇಲ್ಲಿ ಯಾವ ಗೊಂದಲವೂ ಇಲ್ಲ. ಆದರೆ ಮೂರನೆಯದರಲ್ಲಿ ಋಣ ಚಿಹ್ನೆ ಇದೆ, ಸಂಭವನೀಯತೆ ಋಣವಾಗಲಾರದು. ಒಂಟಿಯಾಗಿ ನಿಲ್ಲಲಾರದ ಆ ತುಂಡು ಉಳಿದೆರಡರಲ್ಲಿ ಒಂದನ್ನು ಆಶ್ರಯಿಸಲೇಬೇಕು. (1+ಕ್ಷ)ವನ್ನು ಹಿಡಿದರೆ 1+ಕ್ಷ³, ಇನ್ನೊಂದನ್ನು ಹಿಡಿದರೆ 1+ಕ್ಷ²+ಕ್ಷ⁴. ಯಾರ ಆಶ್ರಯ ಎಂಬುದಕ್ಕೆ ಎರಡು ಉತ್ತರ, ಹಾಗಾಗಿ ಅಪವರ್ತನಕ್ಕೂ ಎರಡು ಉತ್ತರ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಪ್ರಿಯವಾದ ಲೆಕ್ಕವಿದು.

ಇಷ್ಟೂ ನೇರ ರೇಖೆಯ, ಅಂದರೆ ಒಂದೇ ಸಾಲಿನಲ್ಲಿ ನಿಂತ ಸಾಮಾನ್ಯ ಸಂಖ್ಯೆಗಳ ಮಾತು. ಈಗ ಚೆನ್ನೆಮಣೆಯನ್ನು ಎದುರಿಗಿಟ್ಟುಕೊಳ್ಳಿ. ಆಟಿ ತಿಂಗಳ ಮಳೆಗೆ ಚಾವಡಿಯಲ್ಲಿ ಕುಳಿತು ಆಡಿದವರಿಗೆ ಗೊತ್ತು: ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ, ಕೊನೆಯ ಗುಳಿ ದಾಟಿದ ಕೈ ಮತ್ತೆ ಮೊದಲ ಗುಳಿಗೇ ಬರುತ್ತದೆ. ಗುಳಿಗಳಿಗೆ 0ಯಿಂದ 13ರ ವರೆಗೆ ಸುತ್ತಲೂ ಅಂಕಿ ಕೊಟ್ಟರೆ, ಇಲ್ಲಿ 9 ಮತ್ತು 8 ಸೇರಿ 3. ಹೀಗೆ ಯಾವ ಎರಡನ್ನು ಕೂಡಿದರೂ ಒಳಗೇ ಉಳಿಯುವ, ಕೂಡಿದ್ದನ್ನು ಕಳೆಯಲೂ ಬರುವ ವ್ಯವಸ್ಥೆಯನ್ನು ಗಣಿತದಲ್ಲಿ ಗ್ರೂಪ್ ಎನ್ನುತ್ತಾರೆ.

ಒಂದು ಕಾಯಿ ಹದಿನಾಲ್ಕರಲ್ಲಿ ಯಾವ ಗುಳಿಯಲ್ಲಾದರೂ ಸಮಾನ ಸಾಧ್ಯತೆಯಿಂದ ಇರಲಿ. ಕವಡೆ ಹಾಕಿ, ಬಂದಷ್ಟು ಗುಳಿ ಮುಂದೆ ಸರಿಸಿ. ಈಗಲೂ ಅದು ಎಲ್ಲೆಡೆ ಸಮಾನ ಸಾಧ್ಯತೆಯಿಂದಲೇ ಇದೆ. ಯಾವ ವಿತರಣೆಯಿಂದ ಗುಣಿಸಿದರೂ ಬದಲಾಗದ ಇದು ವಿತರಣೆಗಳ ಲೋಕದ ಸೊನ್ನೆ. ಎಲ್ಲವೂ ಅದರ ಅಪವರ್ತನಗಳೇ. ತನ್ನಿಂದಲೇ ಗುಣಿಸಿದರೂ ತಾನಾಗಿಯೇ ಉಳಿಯುವ ವಿತರಣೆಗಳು ಈ ಮಣೆಯ ಮೇಲೆ ನಾಲ್ಕಿವೆ: ಎಲ್ಲ ಗುಳಿಗಳಲ್ಲೂ ಸಮನಾಗಿ ಹರಡಿದ್ದು, ಸಮಸಂಖ್ಯೆಯ ಏಳರಲ್ಲಿ ಹರಡಿದ್ದು, 0 ಮತ್ತು 7ರಲ್ಲಿ ಮಾತ್ರ ಹಂಚಿಹೋದದ್ದು, 0ಯಲ್ಲೇ ಕುಳಿತದ್ದು. 14ರ ಭಾಜಕಗಳೂ ನಾಲ್ಕೇ ಎಂಬುದನ್ನು ಗಮನಿಸಿ.

ಆದ್ದರಿಂದ ಗ್ರೂಪ್‌ಗಳ ಮೇಲೆ ಮೊದಲು ಈ ಸೊನ್ನೆಯಂಥ ಭಾಗವನ್ನು ಬೇರ್ಪಡಿಸಬೇಕು. ನೇರ ರೇಖೆಗೆ ಗಣಿತಜ್ಞ ಖಿಂಚಿನ್ 1937ರಲ್ಲಿ ಸಾಧಿಸಿದ್ದ ಅಪವರ್ತನದ ಪ್ರಮೇಯವನ್ನು 1963ರಲ್ಲಿ ಕೆ. ಆರ್. ಪಾರ್ಥಸಾರಥಿ, ಆರ್. ರಂಗರಾವ್, ಎಸ್. ಆರ್. ಎಸ್. ವರದನ್ ನೇರ ರೇಖೆ, ಚೆನ್ನೆಮಣೆ ಎರಡನ್ನೂ ಒಳಗೊಂಡ ‘ಲೋಕಲಿ ಕಾಂಪ್ಯಾಕ್ಟ್ ಅಬೀಲಿಯನ್’ ಎಂಬ ವಿಶಾಲ ವರ್ಗದ ಗ್ರೂಪ್‌ಗಳಿಗೆ ವಿಸ್ತರಿಸಿದರು. ಮೂವರೂ ಕೋಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಬೆಳೆದವರು. ಮುಂದೆ 2007ರಲ್ಲಿ ಗಣಿತದ ಏಬೆಲ್ ಪ್ರಶಸ್ತಿ ಪಡೆದ ವರದನ್ ಅವರಿಗೆ ಅಲ್ಲಿ ಮಾರ್ಗದರ್ಶಕರಾಗಿದ್ದವರು ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್. ಪಾರ್ಥಸಾರಥಿ, ರಂಗರಾವ್, ವರದನ್ ಅವರ ಪ್ರಮೇಯದ ಪ್ರಕಾರ ಪ್ರತಿ ವಿತರಣೆಯನ್ನೂ ಮೂರು ಭಾಗವಾಗಿ ಬರೆಯಬಹುದು: ಮಣೆಯ ಸಮಸಂಖ್ಯೆಯ ಏಳು ಗುಳಿಗಳಂಥ ಒಂದು ಉಪಗ್ರೂಪ್‌ನ ಮೇಲೆ ಸಮನಾಗಿ ಹರಡಿದ ಭಾಗ, ಒಡೆಯಲಾಗದ ತುಂಡುಗಳ ಗುಣಲಬ್ಧ, ಮತ್ತು ಎಷ್ಟು ಒಡೆದರೂ ಒಡೆಯುತ್ತಲೇ ಹೋಗುವ, ಒಳಗೆ ಒಂದೂ ಗಟ್ಟಿ ತುಂಡಿಲ್ಲದ ಭಾಗ. ಈ ಮೂರನೆಯದಕ್ಕೆ ಪೂರ್ಣಾಂಕಗಳಲ್ಲಿ ಹೋಲಿಕೆಯೇ ಸಿಗದು.

ಗಾಸಿಯನ್ ವಿತರಣೆ, ಅಂದರೆ ಗಂಟೆಯಾಕಾರದ ವಕ್ರರೇಖೆ, ಅಂಥದ್ದೇ. ನೇರ ರೇಖೆಯ ಮೇಲೆ ಅದನ್ನು ಹೇಗೆ ಒಡೆದರೂ ಸಿಗುವುದು ಗಾಸಿಯನ್ ಮಾತ್ರ ಎಂದು ಗಣಿತಜ್ಞ ಕ್ರಾಮೆರ್ 1936ರಲ್ಲಿ ಸಾಧಿಸಿದರು. ಅದೇ ವಕ್ರರೇಖೆಯನ್ನು ಬಳೆಯ, ಅಂದರೆ ವೃತ್ತದ, ಸುತ್ತ ಸುತ್ತಿದರೆ ಪ್ರಮೇಯ ಬಿದ್ದುಹೋಗುತ್ತದೆ. ನೇರ ರೇಖೆಯಲ್ಲಿ ಅದರ ಬಾಲ ಸೊನ್ನೆಯತ್ತ ಸಣ್ಣಗಾಗುತ್ತಲೇ ಹೋಗುತ್ತದೆ, ತಿದ್ದಲು ಜಾಗವಿಲ್ಲ. ಬಳೆಯ ಮೇಲೆ ಅತಿ ತಗ್ಗಿನ ಜಾಗದಲ್ಲೂ ಒಂದಿಷ್ಟು ಎತ್ತರ ಉಳಿದಿರುತ್ತದೆ. ಹಾಗಾಗಿ ಒಂದು ಅಪವರ್ತನದ ಅಲೆಯನ್ನು ತುಸು ಏರಿಸಿ, ಇನ್ನೊಂದರಲ್ಲಿ ಅಷ್ಟೇ ಪ್ರಮಾಣದಲ್ಲಿ ಇಳಿಸಿದರೂ ಯಾವುದೂ ಋಣವಾಗುವುದಿಲ್ಲ, ಗುಣಲಬ್ಧವೂ ಬದಲಾಗುವುದಿಲ್ಲ. 1970ರ ದಶಕದಲ್ಲಿ ಖಾರ್ಕಿವ್‌ನ ಫೆಲ್ಡ್‌ಮನ್ ಇದಕ್ಕೆ ಗೆರೆ ಎಳೆದುಕೊಟ್ಟರು: ಮೇಲೆ ಹೇಳಿದ ವರ್ಗದ ಗ್ರೂಪ್‌ನೊಳಗೆ ಎಲ್ಲೂ ಒಂದು ಬಳೆ ಅಡಗಿರದಿದ್ದರೆ ಮಾತ್ರ ಕ್ರಾಮೆರ್ ಪ್ರಮೇಯ ನಿಲ್ಲುತ್ತದೆ.