ಕಾದಂಬರಿಯ ಪ್ರೊಫೈಲರ್ ನಿಜವಾಗಿಯೂ ಕೊಲೆಗಾರನನ್ನು ಹಿಡಿಯುತ್ತಾಳಾ?

ಪ್ರಶ್ನೆ: "ಸರ್, ಈಚೆಗೆ ಒಂದು ಇಂಗ್ಲಿಷ್ ರೊಮ್ಯಾಂಟಿಕ್ ಸಸ್ಪೆನ್ಸ್ ಕಾದಂಬರಿ ಓದಿದೆ. ನಾಯಕಿ ಪ್ರೊಫೈಲರ್. ಹೆಣ ಬಿದ್ದ ಜಾಗ ನೋಡಿಯೇ ಕೊಲೆಗಾರನ ವಯಸ್ಸು, ಕೆಲಸ, ಚಿಕ್ಕಂದಿನಲ್ಲಿ ಅಮ್ಮನ ಹತ್ರ ತಿಂದ ಪೆಟ್ಟು ಎಲ್ಲಾ ಹೇಳಿಬಿಡ್ತಾಳೆ. ಇದು ನಿಜವಾಗಿ ಆಗುವ ಮಾತಾ? ನಮ್ಮ ಕಾಸರಗೋಡಿನ ಕಡೆ ಇಂಥ ಕಥೆ ನಡೆದರೆ ಯಾರಾದರೂ ನಂಬ್ತಾರಾ?" (ಬದಿಯಡ್ಕದ ಓದುಗರೊಬ್ಬರು)

ಕೃತ್ಯ ನಡೆದ ರೀತಿ ನೋಡಿ ಅದನ್ನು ಮಾಡಿದವನು ಎಂಥವನಿರಬಹುದು ಅಂತ ಅಂದಾಜು (ಅದೇ ಪ್ರೊಫೈಲ್) ಹೇಳುವ ಪ್ರೊಫೈಲರ್‌ಗಳು ಇರುವುದು ನಿಜ. ಆದರೆ ಕೊಲೆಗಾರನನ್ನು ಹಿಡಿಯುವುದು ಅವರಲ್ಲ. ಸಾವಿರ ಜನರ ಮೇಲೆ ಸಂಶಯ ಇದ್ದಾಗ ಯಾರನ್ನು ಮೊದಲು ವಿಚಾರಿಸಬೇಕು ಅನ್ನುವುದಕ್ಕೆ ಅವರು ಒಂದು ದಾರಿ ತೋರಿಸುತ್ತಾರೆ, ಅಷ್ಟೆ. ಹಿಡಿದು ಕೊಡುವುದು ಹೆಚ್ಚಾಗಿ ಯಾವುದೋ ಹಳೇ ಫೈಲು, ಫೋನ್ ಕರೆಗಳ ಪಟ್ಟಿ, ಇಲ್ಲವೇ ಕೊಲೆಗಾರನ ಸ್ವಂತ ದಡ್ಡತನ.

ಈ ಪ್ರೊಫೈಲರ್ ಅನ್ನುವ ಪಾತ್ರಕ್ಕೆ ದೊಡ್ಡ ಹೆಸರು ತಂದುಕೊಟ್ಟದ್ದು ನ್ಯೂಯಾರ್ಕಿನ ಒಂದು ಕೇಸು. 1940ರಿಂದ 1956ರ ತನಕ, ನಡುವೆ ಯುದ್ಧದ ಕಾಲ ಬಿಟ್ಟು, ಒಬ್ಬ ಸಿನಿಮಾ ಮಂದಿರ, ರೈಲ್ವೆ ಸ್ಟೇಷನ್, ಲೈಬ್ರರಿ ಅಂತ ಕಂಡಲ್ಲಿ ಬಾಂಬ್ ಇಡುತ್ತಿದ್ದ. ಪೊಲೀಸರಿಗೆ ಸಾಕಾಗಿ ಜೇಮ್ಸ್ ಬ್ರಸಲ್ ಎಂಬ ಮನೋವೈದ್ಯರ ಹತ್ತಿರ ಹೋದರು. ಅವರು ಬೇಕಾದಷ್ಟು ಹೇಳಿದರು. ಹಿಡಿಯುವ ದಿನ ಅವನು ಡಬಲ್ ಬ್ರೆಸ್ಟೆಡ್ ಕೋಟು ಹಾಕಿ ಗುಂಡಿ ಹಾಕಿಕೊಂಡಿರುತ್ತಾನೆ ಅಂತಲೂ ಹೇಳಿದರಂತೆ. 1957ರ ಜನವರಿಯಲ್ಲಿ ಜಾರ್ಜ್ ಮೆಟೆಸ್ಕಿ ಸಿಕ್ಕಿಬಿದ್ದ. ಬಾಗಿಲು ತೆಗೆದಾಗ ಮೈಮೇಲೆ ಇದ್ದದ್ದು ಪೈಜಾಮ. ಪೊಲೀಸರು ಬಟ್ಟೆ ಬದಲಾಯಿಸಿ ಬಾ ಅಂದ ಮೇಲೆ ಕೋಟು ಹಾಕಿಕೊಂಡು ಬಂದ, ಗುಂಡಿ ಸಮೇತ. ಕೋಟಿನ ಕಥೆಯನ್ನು ಜನ ಇವತ್ತಿಗೂ ಹೇಳುತ್ತಾರೆ. ಪೈಜಾಮದ ಕಥೆ ಹೇಳುವವರು ಕಡಿಮೆ.

ಸರಿ, ಅವನನ್ನು ಪತ್ತೆ ಮಾಡಿದ್ದು ಯಾರು? ಅವನು ಹಿಂದೆ ಕೆಲಸ ಮಾಡಿ ಗಾಯಗೊಂಡಿದ್ದ ವಿದ್ಯುತ್ ಕಂಪನಿಯ ಗುಮಾಸ್ತೆ ಆಲಿಸ್ ಕೆಲ್ಲಿ. ಪರಿಹಾರ ಕೇಳಿದವರ ಹಳೇ ಫೈಲುಗಳನ್ನು ಒಂದೊಂದಾಗಿ ತಿರುವಿ ಹಾಕುತ್ತಾ ಕೂತಿದ್ದರು. ಬಾಂಬ್ ಇಟ್ಟವನ ಪತ್ರಗಳಲ್ಲಿ ಬರುತ್ತಿದ್ದ ಧಾಟಿಯ ಮಾತುಗಳೇ ಒಂದು ಫೈಲಿನಲ್ಲೂ ಕಂಡವು. ಅಲ್ಲಿಗೆ ಮುಗಿಯಿತು. ಆ ಗುಮಾಸ್ತೆಯನ್ನೇ ನಾಯಕಿ ಮಾಡಿ ಯಾರೂ ಪ್ರೇಮಕಥೆ ಬರೆಯುವುದಿಲ್ಲ, ಅಲ್ವಾ?

1972ರಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಇದಕ್ಕೆಂದೇ ಒಂದು ವಿಭಾಗ ಮಾಡಿತು. 70ರ ದಶಕದ ಕೊನೆಯಲ್ಲಿ ಅದರ ಅಧಿಕಾರಿಗಳು ಜೈಲುಗಳಿಗೆ ಹೋಗಿ 36 ಕೊಲೆಗಾರರನ್ನು ಮಾತನಾಡಿಸಿದರು. 'ಯೋಜನೆ ಹಾಕಿ ಕೊಲ್ಲುವವರು', 'ಅಸ್ತವ್ಯಸ್ತವಾಗಿ ಕೊಲ್ಲುವವರು' ಅನ್ನುವ ಎರಡು ಗುಂಪು ಅಲ್ಲಿಂದ ಬಂತು. ನೀವು ಓದಿದ ಕಾದಂಬರಿಯಲ್ಲೂ ಈ ಮಾತು ಖಂಡಿತ ಇರುತ್ತದೆ. 2004ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಯಾಂಟರ್ ಮತ್ತು ಜೊತೆಯವರು ಅಮೆರಿಕದ 100 ಸರಣಿ ಕೊಲೆಗಾರರ ಕೃತ್ಯಗಳನ್ನು ತೆಗೆದುಕೊಂಡು ಪರೀಕ್ಷೆ ಮಾಡಿದರು. ಹಾಗೆ ಎರಡು ಗುಂಪಾಗಿ ಬೇರೆ ಬೇರೆ ಕಾಣಲೇ ಇಲ್ಲ.

ಹಾಗಂತ ಇದೆಲ್ಲ ಸುಮ್ನೆ ಅನ್ನಲಿಕ್ಕೂ ಆಗುವುದಿಲ್ಲ. ಇದೇ ಕ್ಯಾಂಟರ್ 1986ರಲ್ಲಿ ಲಂಡನ್ನಿನ ರೈಲ್ವೆ ಸ್ಟೇಷನ್‌ಗಳ ಸುತ್ತ ನಡೆಯುತ್ತಿದ್ದ ಅತ್ಯಾಚಾರ, ಕೊಲೆಗಳ ಕೇಸಿನಲ್ಲಿ ಪೊಲೀಸರಿಗೆ ನೆರವಾದರು. ಘಟನೆ ನಡೆದ ಜಾಗಗಳನ್ನು ನಕ್ಷೆಯಲ್ಲಿ ಗುರುತು ಹಾಕಿ ಅಪರಾಧಿ ಯಾವ ಕಡೆ ವಾಸ ಇರಬಹುದು, ಮನೆಯಲ್ಲಿ ಪರಿಸ್ಥಿತಿ ಹೇಗಿರಬಹುದು ಅಂತ ಹೇಳಿದರು. ಕೊನೆಗೆ ಅಪರಾಧಿ ಅಂತ ಸಾಬೀತಾದ ಜಾನ್ ಡಫಿಯ ಹೆಸರು ಪೊಲೀಸರ ಸುಮಾರು 2,000 ಜನರ ಪಟ್ಟಿಯಲ್ಲಿ ಎಲ್ಲೋ ಕೆಳಗೆ ಬಿದ್ದುಕೊಂಡಿತ್ತು. ಅದು ಮೇಲೆ ಬಂತು. ಒಳ್ಳೆಯ ಪ್ರೊಫೈಲ್ ಅಂದರೆ ಇದು. ಪಟ್ಟಿ ಮೊದಲೇ ಇರಬೇಕು. ಅದನ್ನು ಮಾಡುವುದು ಬೀದಿ ಬೀದಿ ಸುತ್ತುವ ಪೊಲೀಸರು.

ಪಟ್ಟಿ ಬಿಟ್ಟು ಪ್ರೊಫೈಲನ್ನೇ ನಂಬಿ ಹೊರಟರೆ ಏನಾಗುತ್ತದೆ ಅನ್ನುವುದಕ್ಕೂ ಲಂಡನ್ನಿನಲ್ಲೇ ಉದಾಹರಣೆ ಇದೆ. ಇದರಲ್ಲಿ ನಿಮ್ಮ ಕಾದಂಬರಿಯ ಹಾಗೆ ಪ್ರೇಮವೂ ಇದೆ. 1992ರಲ್ಲಿ ವಿಂಬಲ್ಡನ್ ಕಾಮನ್ ಎಂಬ ಬಯಲಿನಲ್ಲಿ ಒಬ್ಬ ಯುವತಿಯನ್ನು ಎರಡು ವರ್ಷದ ಮಗನ ಎದುರೇ ಕೊಂದರು. ಮನಶ್ಶಾಸ್ತ್ರಜ್ಞರೊಬ್ಬರು ಕೊಟ್ಟ ಪ್ರೊಫೈಲಿಗೆ ಹತ್ತಿರದ ಒಬ್ಬ ಮನುಷ್ಯ ಸರಿಹೊಂದುತ್ತಾನೆ ಅಂತ ಪೊಲೀಸರಿಗೆ ಅನ್ನಿಸಿತು. ಸಾಕ್ಷಿ ಏನೂ ಇಲ್ಲ. ಹಾಗಾಗಿ ಒಬ್ಬ ಮಹಿಳಾ ಪೊಲೀಸ್ ಹೆಸರು ಬದಲಾಯಿಸಿಕೊಂಡು ಅವನ ಸ್ನೇಹ ಮಾಡಿದರು. ತಿಂಗಳುಗಟ್ಟಲೆ ಪತ್ರ, ಫೋನು, ಪಾರ್ಕಿನಲ್ಲಿ ಭೇಟಿ. ಪ್ರೀತಿಯ ಆಸೆ ತೋರಿಸಿ ಕೊಲೆ ಒಪ್ಪಿಸುವ ಉಪಾಯ. ಅವನು ಒಪ್ಪಲಿಲ್ಲ. ಆದರೂ ಬಂಧಿಸಿದರು. ವರ್ಷಕ್ಕೂ ಜಾಸ್ತಿ ಒಳಗಿದ್ದ. 1994ರಲ್ಲಿ ನ್ಯಾಯಾಧೀಶರು ಆ ಸಾಕ್ಷ್ಯವನ್ನೆಲ್ಲ ತಳ್ಳಿಹಾಕಿದರು, ಕೇಸು ಬಿದ್ದುಹೋಯಿತು. ನಿಜವಾದ ಕೊಲೆಗಾರ ರಾಬರ್ಟ್ ನ್ಯಾಪರ್. ಡಿಎನ್‌ಎ ಮೂಲಕ ಸಿಕ್ಕಿ, 2008ರಲ್ಲಿ ತಪ್ಪೊಪ್ಪಿಕೊಂಡ. ತಪ್ಪು ಮಾಡದ ಆ ಮನುಷ್ಯ ಒಳಗಿದ್ದ ಹೊತ್ತಿನಲ್ಲೇ, 1993ರ ನವೆಂಬರಿನಲ್ಲಿ, ನ್ಯಾಪರ್ ಇನ್ನೊಬ್ಬ ತಾಯಿ ಮತ್ತು ಅವಳ ಪುಟ್ಟ ಮಗಳನ್ನು ಕೊಂದಿದ್ದ.

ಇನ್ನು ದಡ್ಡತನದ ಮಾತು. ಅಮೆರಿಕದ ವಿಚಿಟಾದಲ್ಲಿ 10 ಜನರನ್ನು ಕೊಂದ ಡೆನಿಸ್ ರೇಡರ್‌ನ ಬಗ್ಗೆ ಪ್ರೊಫೈಲರ್‌ಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಕೊನೆಗೆ ಅವನೇ ಪೊಲೀಸರಿಗೆ ಬರೆದು ಕೇಳಿದ: ಫ್ಲಾಪಿಯಲ್ಲಿ ಕಳಿಸಿದರೆ ನನ್ನನ್ನು ಪತ್ತೆ ಮಾಡಲಿಕ್ಕೆ ಆಗುತ್ತದಾ ಅಂತ. ಆಗುವುದಿಲ್ಲ ಅನ್ನುವ ಅರ್ಥದ ಜಾಹೀರಾತನ್ನು ಪೊಲೀಸರು ಪೇಪರಿನಲ್ಲಿ ಹಾಕಿಸಿದರು. ನಂಬಿ ಕಳಿಸಿದ. ಅಳಿಸಿಹಾಕಿದ್ದ ಫೈಲಿನಲ್ಲಿ ಚರ್ಚಿನ ಹೆಸರು, ಜೊತೆಗೆ ಡೆನಿಸ್ ಅಂತ. 2005ರ ಫೆಬ್ರವರಿಯಲ್ಲಿ ಬಂಧನ.

ಈಗ ನಮ್ಮ ಕಡೆಗೆ ಬರೋಣ ಮಾರಾಯ್ರೆ. ಕಾಸರಗೋಡಿನಲ್ಲಿ ಸ್ವಲ್ಪ ವಯಸ್ಸಾದವರನ್ನು ಕೇಳಿದರೆ ರಿಪ್ಪರ್ ಚಂದ್ರನ್ ಹೆಸರು ಗೊತ್ತಿರುತ್ತದೆ. 80ರ ದಶಕದಲ್ಲಿ ರಾತ್ರಿ ಮನೆಗೆ ನುಗ್ಗಿ ಸುತ್ತಿಗೆಯಿಂದ ತಲೆಗೆ ಹೊಡೆದು ಕೊಲ್ಲುತ್ತಿದ್ದ. 1991ರಲ್ಲಿ ಕಣ್ಣೂರು ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಅದಾದ ಮೇಲೆ ಕೇರಳದಲ್ಲಿ ಯಾರನ್ನೂ ನೇಣಿಗೆ ಹಾಕಿಲ್ಲ.

ಆದರೆ ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದ್ದು ಸಯನೈಡ್ ಮೋಹನ. ಬಂಟ್ವಾಳ ಕಡೆಯ ಶಾಲಾ ಮಾಸ್ತರು. 2003ರಿಂದ 2009ರ ನಡುವೆ 20 ಹೆಣ್ಣುಮಕ್ಕಳನ್ನು ಕೊಂದ ಕೇಸುಗಳು ಅವನ ಮೇಲಿದ್ದವು. ಎಲ್ಲರೂ ಬಡ ಮನೆಯವರು, ಮದುವೆ ಕೂಡಿ ಬರದವರು. ಆಯಾ ಹುಡುಗಿಯ ಜಾತಿಯ ಹೆಸರನ್ನೇ ಇಟ್ಟುಕೊಂಡು ಬರುತ್ತಿದ್ದ. ಸರ್ಕಾರಿ ಕೆಲಸ ಇದೆ, ವರದಕ್ಷಿಣೆ ಬೇಡ ಅನ್ನುತ್ತಿದ್ದ. ಮೈಸೂರು, ಮಡಿಕೇರಿ, ಬೆಂಗಳೂರು ಅಂತ ಕರೆದುಕೊಂಡು ಹೋಗಿ ಲಾಡ್ಜಿನಲ್ಲಿ ಉಳಿಸುತ್ತಿದ್ದ. ಬೆಳಿಗ್ಗೆ ಚಿನ್ನವನ್ನೆಲ್ಲ ರೂಮಿನಲ್ಲೇ ತೆಗೆದಿಡಿಸಿ, ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಬಂದು, ಗರ್ಭ ನಿಲ್ಲದಿರಲಿಕ್ಕೆ ಅಂತ ಹೇಳಿ ಒಂದು ಮಾತ್ರೆ ಕೊಡುತ್ತಿದ್ದ. ಶೌಚಾಲಯಕ್ಕೆ ಹೋಗಿ ತೆಗೆದುಕೋ ಅನ್ನುತ್ತಿದ್ದ. ಅದರಲ್ಲಿ ಇದ್ದದ್ದು ಸಯನೈಡ್ ವಿಷ. ಆ 20ರಲ್ಲಿ ಕೊನೆಗೆ ತೀರ್ಪು ಬಂದದ್ದು, 2020ರಲ್ಲಿ, ನಮ್ಮ ಕಾಸರಗೋಡಿನ ಹುಡುಗಿಯ ಕೇಸಿಗೆ. ರೊಮ್ಯಾಂಟಿಕ್ ಸಸ್ಪೆನ್ಸಿನಲ್ಲಿ ಪ್ರೇಮ ನಾಯಕಿಯನ್ನು ಉಳಿಸುತ್ತದೆ. ಇಲ್ಲಿ ಬಲೆಯೇ ಪ್ರೇಮ.

ಇಷ್ಟು ವರ್ಷ ಅವನು ಹೇಗೆ ತಪ್ಪಿಸಿಕೊಂಡ? ಬುದ್ಧಿವಂತ ಅಂತಲ್ಲ. ಹುಡುಗಿ ಕಾಣೆಯಾದ ದೂರು ಇದ್ದರೆ ಊರಿನ ಸ್ಟೇಷನ್ನಿನಲ್ಲಿ. ಹೆಣ ಸಿಕ್ಕಿದ್ದು ಬೇರೆ ಜಿಲ್ಲೆಯ ಬಸ್ ಸ್ಟ್ಯಾಂಡಿನಲ್ಲಿ. ಅಲ್ಲಿ ಗುರುತಿಲ್ಲದ ಹೆಂಗಸು, ಅಸಹಜ ಸಾವು ಅಂತ ಕೇಸು ಬರೆದು ಮುಗಿಸಿದರು. ಮನೆಯವರು ಮಗಳು ಯಾರ ಜೊತೆಗೋ ಓಡಿಹೋದಳು ಅಂದುಕೊಂಡು ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡರು. 2009ರಲ್ಲಿ ಬಂಟ್ವಾಳದ ಒಬ್ಬ ಹುಡುಗಿ ಕಾಣೆಯಾದಾಗ ಊರವರು ಗಲಾಟೆ ಮಾಡಿದರು. ಪೊಲೀಸರು ಅವಳ ಫೋನ್ ಕರೆಗಳ ಪಟ್ಟಿ ತೆಗೆಸಿದರು. ಅವಳು ಮಾತಾಡಿದ್ದ ಒಂದು ನಂಬರ್ ಇನ್ನೊಬ್ಬ ಕಾಣೆಯಾದವಳದ್ದು. ಆ ನಂಬರ್ ಹಿಡಿದು ಹೋದರೆ ಮತ್ತೊಬ್ಬಳು. ಮಾಲೆ ಎಳೆದ ಹಾಗೆ ಒಂದರ ಹಿಂದೆ ಒಂದು ಬಂತು. ಪ್ರೊಫೈಲರ್ ಯಾರೂ ಇರಲಿಲ್ಲ.

ನಮ್ಮ ಪೊಲೀಸ್ ಠಾಣೆಗಳಲ್ಲಿ ಪ್ರೊಫೈಲರ್ ಅನ್ನುವ ಹುದ್ದೆಯೇ ಇಲ್ಲ. ಗುಜರಾತಿನ ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದಲ್ಲಿ ಫೊರೆನ್ಸಿಕ್ ಸೈಕಾಲಜಿ, ಅಂದರೆ ಅಪರಾಧ ತನಿಖೆಗೆ ಬೇಕಾದ ಮನಶ್ಶಾಸ್ತ್ರ ಕಲಿಸುತ್ತಾರೆ, ಕಲಿತವರು ಪ್ರಯೋಗಾಲಯಗಳಿಗೆ ಹೋಗುತ್ತಾರೆ. ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಇತ್ಯಾದಿಗಳನ್ನು ಒಪ್ಪಿಗೆ ಇಲ್ಲದೆ ಮಾಡಬಾರದು ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೂ ಕರ್ನಾಟಕದ ಕೇಸಿನಲ್ಲೇ.

ಹಾಗಾದರೆ ಇಲ್ಲಿ ಕಥೆ ನಡೆಸಿದರೆ ನಂಬುತ್ತಾರಾ? ನಂಬುತ್ತಾರೆ, ನಾಯಕಿಯನ್ನು ಬದಲಾಯಿಸಿದರೆ. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿದರೆ ರಾಜ್ಯ ಬೇರೆ, ಪೊಲೀಸರು ಬೇರೆ, ಕಡತದ ಭಾಷೆ ಬೇರೆ. ಮಂಜೇಶ್ವರದ ಠಾಣೆಯಲ್ಲಿ ಕನ್ನಡವೂ ಮಲಯಾಳವೂ ಓದಲಿಕ್ಕೆ ಬರುವ ಒಬ್ಬ ಹೆಂಗಸು ಕೂತಿರಲಿ. ಒಂದು ಕಡೆ ಕಾಣೆಯಾದವರ ದೂರು, ಇನ್ನೊಂದು ಕಡೆ ಗುರುತಿಲ್ಲದ ಶವಗಳ ವಿವರ. ಮೂಗುತಿ, ಸೀರೆಯ ಅಂಚು, ಚಪ್ಪಲಿಯ ಅಳತೆ ಅಂತ ಎರಡನ್ನೂ ಹೋಲಿಸುತ್ತಾ ಹೋಗಲಿ. ಸಸ್ಪೆನ್ಸ್ ಬೇಕಾದಷ್ಟು ಸಿಗುತ್ತದೆ. ನಾಯಕ ಬೇಕೇ ಬೇಕು ಅಂತಾದರೆ ಗಡಿಯಾಚೆ, ಕರ್ನಾಟಕದ ಉಳ್ಳಾಲ ಠಾಣೆಯಲ್ಲಿ ಒಬ್ಬ ಎಸ್‌ಐ ಇರಲಿ. ಇವಳು ಫೈಲು ಕೇಳಿ ಫೋನ್ ಮಾಡಿದಾಗೆಲ್ಲ "ಮೇಡಂ, ಪತ್ರ ಬರೆದು ಕಳಿಸಿ" ಅನ್ನುವವನು. ಹತ್ತನೇ ಅಧ್ಯಾಯದ ಹೊತ್ತಿಗೆ ಅವನೇ ಫೈಲು ಹಿಡಿದುಕೊಂಡು ಬೈಕಿನಲ್ಲಿ ತಲಪಾಡಿಗೆ ಬಂದರೆ ಸಾಕು.