ಕಾಂತಕ್ಷೇತ್ರಕ್ಕೆ ಬಗ್ಗದ ಸೂಪರ್‌ಕಂಡಕ್ಟರ್: ಇದು ಟೋಪಾಲಜಿಯ ಕೆಲಸವೇ?

ಪ್ರಶ್ನೆ: ಕಾಂತಕ್ಷೇತ್ರ ಜಾಸ್ತಿಯಾದರೆ ಸೂಪರ್‌ಕಂಡಕ್ಟಿವಿಟಿ (ಅಡೆತಡೆಯೇ ಇಲ್ಲದೆ ವಿದ್ಯುತ್ ಹರಿಯುವ ಗುಣ) ಸತ್ತುಹೋಗುತ್ತದೆ ಅಲ್ವಾ? ಮತ್ತೆ ಕೆಲವು ಟೋಪಾಲಜಿಕಲ್ ಸೆಮಿಮೆಟಲ್‌ಗಳಲ್ಲಿ ಅದು ಲೆಕ್ಕ ಮೀರಿ ಉಳಿಯುವುದು ಹೇಗೆ? ಟೋಪಾಲಜಿಯೇ ಕಾರಣವೇ?

ಉತ್ತರ: ನೇರ ಕಾರಣ ಟೋಪಾಲಜಿ (ಎಲೆಕ್ಟ್ರಾನ್‌ಗಳ ಶಕ್ತಿಪಟ್ಟಿಗಳ ಒಟ್ಟಾರೆ ಹೆಣಿಗೆ, ಸಣ್ಣಪುಟ್ಟ ಬದಲಾವಣೆಗೆ ಕಳಚದ್ದು) ಅಲ್ಲ, ಎಲೆಕ್ಟ್ರಾನಿನ ಸ್ಪಿನ್, ಅಂದರೆ ಅದನ್ನು ಪುಟ್ಟ ಅಯಸ್ಕಾಂತದಂತೆ ಮಾಡುವ ಗುಣ.

ಸೂಪರ್‌ಕಂಡಕ್ಟರ್ ಒಳಗೆ ಎಲೆಕ್ಟ್ರಾನ್‌ಗಳು ಜೋಡಿಯಾಗಿ ಇರುತ್ತವೆ. ಸಾಮಾನ್ಯವಾಗಿ ಒಂದರ ಸ್ಪಿನ್ ಮೇಲಕ್ಕಿದ್ದರೆ ಇನ್ನೊಂದರದ್ದು ಕೆಳಕ್ಕೆ, ಒಂದು ಎಡಕ್ಕೆ ಹೊರಟರೆ ಇನ್ನೊಂದು ಬಲಕ್ಕೆ. ಈ ಜೋಡಿಯನ್ನು ಕಾಂತಕ್ಷೇತ್ರ ಎರಡು ಥರ ಮುರಿಯುತ್ತದೆ. ಮೊದಲನೆಯದು, ಎಲೆಕ್ಟ್ರಾನ್‌ಗಳ ಓಟವನ್ನೇ ಬಾಗಿಸಿ ಸುಳಿಗಳನ್ನು ಎಬ್ಬಿಸುವುದು. ವಸ್ತು ಕೆಲವೇ ಪದರದಷ್ಟು ತೆಳ್ಳಗಿದ್ದು ಕ್ಷೇತ್ರವೂ ಆ ಹಾಳೆಯ ಉದ್ದಕ್ಕೇ ಇದ್ದರೆ ಸುಳಿ ಏಳಲು ಜಾಗವೇ ಇರುವುದಿಲ್ಲ, ಆ ಕಾಟ ಬಹುಮಟ್ಟಿಗೆ ತಪ್ಪಿತು. ಎರಡನೆಯದು ಗಟ್ಟಿ: ಕ್ಷೇತ್ರ ಎರಡೂ ಸ್ಪಿನ್‌ಗಳನ್ನು ಒಂದೇ ಕಡೆಗೆ ಎಳೆಯುತ್ತದೆ. ಒಂದು ಹಂತ ದಾಟಿದರೆ ಜೋಡಿ ಬಿಟ್ಟುಹೋಗುತ್ತದೆ.

ಆ ಹಂತ ಎಲ್ಲಿ ಎಂದು 1962ರಲ್ಲಿ ಬಿ. ಎಸ್. ಚಂದ್ರಶೇಖರ್ (ಖಗೋಳ ವಿಜ್ಞಾನಿ ಚಂದ್ರಶೇಖರ್ ಬೇರೆ) ಮತ್ತು ಕ್ಲಾಗ್‌ಸ್ಟನ್ ಲೆಕ್ಕ ಹಾಕಿದರು. ಸೂಪರ್‌ಕಂಡಕ್ಟಿವಿಟಿ ಶುರುವಾಗುವ ತಾಪಮಾನದ ಪ್ರತಿ ಕೆಲ್ವಿನ್‌ಗೆ ಸುಮಾರು 1.84 ಟೆಸ್ಲಾ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಅಳತೆ). ಅಂದರೆ 5 ಕೆಲ್ವಿನ್‌ನ ವಸ್ತುವಿಗೆ 9.2 ಟೆಸ್ಲಾ. ಇದನ್ನು ಪೌಲಿ ಮಿತಿ ಎನ್ನುತ್ತಾರೆ.

ಈಗ ಮಾಲಿಬ್ಡಿನಮ್ ಡೈಟೆಲ್ಯುರೈಡ್ ನೋಡಿ. ಇದರ ಒಂದು ರೂಪ ವೈಲ್ ಸೆಮಿಮೆಟಲ್, ಅಂದರೆ ಎಲೆಕ್ಟ್ರಾನ್‌ಗಳ ಎರಡು ಶಕ್ತಿಪಟ್ಟಿಗಳು ವೈಲ್ ಬಿಂದುಗಳೆಂಬ ಕೆಲವೇ ಬಿಂದುಗಳಲ್ಲಿ ಮುಟ್ಟುವ ಟೋಪಾಲಜಿಕಲ್ ಸೆಮಿಮೆಟಲ್. ದಪ್ಪ ಹರಳು ಸೂಪರ್‌ಕಂಡಕ್ಟರ್ ಆಗಲು 0.1 ಕೆಲ್ವಿನ್‌ವರೆಗೆ ತಣ್ಣಗಾಗಬೇಕು, 11.7 ಗಿಗಾಪಾಸ್ಕಲ್ ಒತ್ತಡ ಹಾಕಿದರೆ 8.2 ಕೆಲ್ವಿನ್‌ಗೇ ಆಗಿಬಿಡುತ್ತದೆ. ತೆಳು ಹಾಳೆಯಾಗಿ ಬಿಡಿಸಿದರೆ ಒತ್ತಡವಿಲ್ಲದೆಯೂ ಕೆಲವು ಕೆಲ್ವಿನ್ ಮುಟ್ಟುತ್ತದೆ. 2019ರಲ್ಲಿ ಪ್ರಕಟವಾದ ಅಳತೆಯೊಂದರಲ್ಲಿ ಈ ಹಾಳೆಗಳು, ಕ್ಷೇತ್ರ ಹಾಳೆಯ ಉದ್ದಕ್ಕಿದ್ದಾಗ, ಪೌಲಿ ಮಿತಿಯನ್ನು ದಾಟಿದವು. ಕ್ಷೇತ್ರವನ್ನು ಹಾಳೆಯ ಸಮತಲದಲ್ಲೇ ಒಂದು ಸುತ್ತು ತಿರುಗಿಸಿದರೆ ತಾಳಿಕೆ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಏರಿತು, ಇಳಿಯಿತು, 180 ಡಿಗ್ರಿಗೆ ಮತ್ತೆ ಅದೇ ಕಥೆ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವುದು ಈ ಏರಿಳಿತ, ಏಕೆಂದರೆ ಒಳಗೆ ಸ್ಪಿನ್‌ಗಳು ಯಾವ ಕಡೆಗೆ ಕಟ್ಟಿಬಿದ್ದಿವೆ ಎನ್ನುವ ಸುಳಿವು ಅಲ್ಲೇ ಸಿಗುತ್ತದೆ.

ಕಟ್ಟಿದ್ದು ಯಾರು? ಹರಳೇ. ಭಾರವಾದ ಪರಮಾಣುಗಳಿದ್ದು, ಹರಳಿನ ಜೋಡಣೆಯಲ್ಲಿ ಕೇಂದ್ರ ಸಮ್ಮಿತಿ (ಕೇಂದ್ರದ ಮೂಲಕ ಎದುರುಬದುರು ಮಾಡಿದರೂ ಹಾಗೇ ಕಾಣುವ ಗುಣ) ಇಲ್ಲದಿದ್ದರೆ, ಎಲೆಕ್ಟ್ರಾನ್ ಓಡುವ ದಿಕ್ಕೇ ಅದರ ಸ್ಪಿನ್ ಎತ್ತ ಇರಬೇಕೆಂದು ಹೇಳುತ್ತದೆ. ಎಡಕ್ಕೆ ಹೋಗುವುದಕ್ಕೆ ಒಂದು ಕಡೆ, ಬಲಕ್ಕೆ ಹೋಗುವುದಕ್ಕೆ ಅದರ ವಿರುದ್ಧ. ಜೋಡಿಗೆ ಬೇಕಾಗಿದ್ದೂ ಅದೇ. ಆ ಹಿಡಿತದ ಮುಂದೆ ಹೊರಗಿನ ಕ್ಷೇತ್ರಕ್ಕೆ ಸ್ಪಿನ್ ತಿರುಗಿಸುವುದು ಕಷ್ಟ.

ಇದೇ ಸಮ್ಮಿತಿಯ ಕೊರತೆಯಿಂದಲೇ ಇಲ್ಲಿ ವೈಲ್ ಬಿಂದುಗಳೂ ಹುಟ್ಟುತ್ತವೆ. ಗೊಂದಲ ಆಗುವುದು ಇಲ್ಲೇ. ಎರಡಕ್ಕೂ ಬೇರು ಒಂದೇ, ಆದರೆ ಒಂದು ಇನ್ನೊಂದಕ್ಕೆ ಸಾಕ್ಷಿಯಲ್ಲ. ವೈಲ್ ಬಿಂದುಗಳ ಹಂಗಿಲ್ಲದ ನಿಯೋಬಿಯಮ್ ಡೈಸೆಲೆನೈಡ್‌ನ ಒಂದೇ ಪದರವೂ ಪೌಲಿ ಮಿತಿಯನ್ನು ಎಷ್ಟೋ ಪಟ್ಟು ಮೀರುತ್ತದೆ. ಹಾಗಾಗಿ ಸುಮ್ನೆ ಮಿತಿ ದಾಟಿತು ಎಂದ ಮಾತ್ರಕ್ಕೆ ಅದನ್ನು ಟೋಪಾಲಜಿಕಲ್ ಸೂಪರ್‌ಕಂಡಕ್ಟರ್ ಎಂದು ಕರೆಯಲು ಬರುವುದಿಲ್ಲ.