ಟೋಕಿಯೊ ಬಿಟ್ಟು ಕಾಡಿನತ್ತ ಹೊರಟ ಧರ್ಮ

2013ರಲ್ಲಿ ಜಪಾನಿನ ‘ಸೇಚೋ ನೋ ಇಯೆ’ ಎಂಬ ಹೊಸ ಧರ್ಮ ತನ್ನ ಕೇಂದ್ರ ಕಚೇರಿಯನ್ನು ಟೋಕಿಯೊದ ಹರಾಜುಕುವಿನಿಂದ ಯಮನಾಶಿ ಪ್ರಾಂತ್ಯದ ಕಾಡಿಗೆ ಸಾಗಿಸಿತು. ಯಾತ್ಸುಗಾತಾಕೆ ಬೆಟ್ಟಗಳ ತಪ್ಪಲಲ್ಲಿ ಮರದ ಕಟ್ಟಡ. ಸೋಲಾರ್ ಫಲಕಗಳ ಜೊತೆಗೆ, ಕಟ್ಟಿಗೆಯಿಂದ ಕರೆಂಟು ಮತ್ತು ಶಾಖ ಎರಡನ್ನೂ ಪಡೆಯುವ ಏರ್ಪಾಡು. ವರ್ಷಕ್ಕೆ ಬಳಸುವಷ್ಟು ಶಕ್ತಿಯನ್ನು ಅಲ್ಲೇ ತಯಾರಿಸಬೇಕು ಅನ್ನುವುದು ಗುರಿ.

ಇವರ ಹಳೆಯ ಕತೆ ಗೊತ್ತಿದ್ದವರಿಗೆ ಇದು ಸಣ್ಣ ಬದಲಾವಣೆಯಲ್ಲ. 1930ರಲ್ಲಿ ಮಸಹಾರು ತನಿಗುಚಿ ಒಂದು ಪತ್ರಿಕೆ ಶುರು ಮಾಡಿದರು. ಅದರ ಓದುಗರೇ ಅನುಯಾಯಿಗಳಾದರು. ಮನುಷ್ಯ ದೇವರ ಮಗು, ಭೂಮಿ ಆಕಾಶಗಳಲ್ಲಿ ಇರುವ ಎಲ್ಲದರ ಜೊತೆ ವೈರ ಬಿಡಿ, ಎಲ್ಲಕ್ಕೂ ಕೃತಜ್ಞರಾಗಿರಿ ಎಂದು ಅವರು ಹೇಳಿದರು. ಎಷ್ಟು ಒಳ್ಳೆಯ ಮಾತು, ಅಲ್ವಾ? ಆದರೆ ಅದೇ ತನಿಗುಚಿ ಎರಡನೇ ಮಹಾಯುದ್ಧದಲ್ಲಿ ಜಪಾನಿನ ಯುದ್ಧವನ್ನು ಬೆಂಬಲಿಸಿದರು. ಜಪಾನ್ ಸೋತ ಮೇಲೂ ಚಕ್ರವರ್ತಿಗೇ ಪರಮಾಧಿಕಾರವಿದ್ದ ಹಳೆಯ ಸಂವಿಧಾನವೇ ಮತ್ತೆ ಬರಲಿ ಎಂದರು. 1964ರಲ್ಲಿ ಸಂಸ್ಥೆ ರಾಜಕೀಯ ಸಂಘವನ್ನೂ ಕಟ್ಟಿತು. 1983ರಲ್ಲಿ ಆ ಕೆಲಸ ನಿಂತಿತು.

ದಿಕ್ಕು ಬದಲಿಸಿದವರು ಅವರ ಮೊಮ್ಮಗ ಮಸನೊಬು ತನಿಗುಚಿ. 2001ರಲ್ಲಿ ಕೇಂದ್ರ ಕಚೇರಿಗೆ ಐಎಸ್ಒ 14001 ಪ್ರಮಾಣಪತ್ರ ಬಂತು. ಕಾರ್ಖಾನೆಗಳು ಪರಿಸರ ನಿರ್ವಹಣೆಗಾಗಿ ಪಡೆಯುವ ಪತ್ರ ಅದು. 2009ರಲ್ಲಿ ಅವರೇ ಸಂಸ್ಥೆಯ ಮುಖ್ಯಸ್ಥರಾದರು. ಎಲ್ಲದರ ಜೊತೆ ವೈರ ಬಿಡುವುದಾದರೆ ಕಾಡು, ನದಿ, ಪ್ರಾಣಿಗಳನ್ನು ಹೊರಗಿಡುವುದು ಹೇಗೆ? ತಾತನ ಮಾತನ್ನು ಮೊಮ್ಮಗ ಓದಿಕೊಂಡ ಬಗೆ ಇದು. ಮಾತು ಮೊದಲಿಂದಲೂ ಇತ್ತು, ಆದರೆ ಅದು ತಾನಾಗಿಯೇ ಯಾರನ್ನೂ ಕಾಡಿನ ಕಡೆ ತಿರುಗಿಸಲಿಲ್ಲ. ಯಾರೋ ಒಬ್ಬರು ಹಾಗೆ ಓದಲು ಮನಸ್ಸು ಮಾಡಬೇಕಾಯಿತು. ನನಗೆ ಮುಖ್ಯ ಅನ್ನಿಸುವುದು ಇದೇ.

ಅದಕ್ಕೆ ಬೆಲೆಯನ್ನೂ ತೆರಬೇಕಾಯಿತು. 2011ರ ಫುಕುಶಿಮಾ ದುರಂತದ ಬಳಿಕ ಸಂಸ್ಥೆ ಅಣುವಿದ್ಯುತ್ತನ್ನು ವಿರೋಧಿಸಿತು. 2016ರ ಚುನಾವಣೆಯಲ್ಲಿ ಆಳುವ ಮೈತ್ರಿಕೂಟವನ್ನು ಬೆಂಬಲಿಸುವುದಿಲ್ಲ ಎಂದು ಬಹಿರಂಗವಾಗಿ ಹೇಳಿತು. ಸ್ಥಾಪಕರ ಹಳೆಯ ಬೋಧನೆಯೇ ಸಾಕು ಅನ್ನುವವರು ಬೇರೆ ಗುಂಪು ಕಟ್ಟಿಕೊಂಡರು.

ಈಗ ಸದಸ್ಯರಿಗೆ ಹೇಳುವುದು ದಿನನಿತ್ಯದ ವಿಷಯ: ಸೈಕಲ್ ತುಳಿಯಿರಿ, ರಾಸಾಯನಿಕ ಹಾಕದೆ ತರಕಾರಿ ಬೆಳೆಯಿರಿ, ಮಾಂಸ ಬಿಡಿ. ಮಾಂಸದ ಮಾತು ಬ್ರೆಜಿಲ್‌ನಲ್ಲಿ ಜಾಸ್ತಿ ಕಷ್ಟ. ಅಲ್ಲಿ ಇವರ ಅನುಯಾಯಿಗಳು ಬಹಳ, ಅವರಲ್ಲಿ ಹೆಚ್ಚಿನವರು ಜಪಾನಿ ಮೂಲದವರೂ ಅಲ್ಲ. ಸುಟ್ಟ ದನದ ಮಾಂಸವಿಲ್ಲದೆ ಅಲ್ಲಿ ಹಬ್ಬವೇ ಇಲ್ಲ. ಅಮೆಜಾನ್ ಕಾಡು ಕಡಿಯುತ್ತಿರುವುದು ಮುಖ್ಯವಾಗಿ ಆ ದನಗಳ ಹುಲ್ಲುಗಾವಲಿಗಾಗಿ.